ನಾಗೇಂದ್ರಪ್ಪ ಸರ್ ಅವರ ಭಾನುವಾರಗಳು

ಕೂಡ್ಲಿಗಿ
೧೫ ಜೂನ್ ೨೦೨೫, ಭಾನುವಾರ

ಪ್ರೀತಿಯ ಪಂಪಮ್ಮಕ್ಕನವರಿಗೆ,

ನಮಸ್ಕಾರಗಳು. ನಾನು ದುರ್ಗಾದೇವಿ. ಕೂಡ್ಲಿಗಿ–ಕೊಟ್ಟೂರು ರಸ್ತೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಹೆಸರು ಹೇಳಿದರೆ ನೆನಪಾಗಲಿಕ್ಕಿಲ್ಲ. ನಾಗೇಂದ್ರಪ್ಪ ಸರ್ ತೀರಿಕೊಂಡ ಹನ್ನೊಂದನೆಯ ದಿನ ನಿಮ್ಮ ಮನೆಯ ಹಿತ್ತಲಲ್ಲಿ, ನೀರಿನ ತೊಟ್ಟಿಯ ಹತ್ತಿರ, ನೀವು ಕೈ ಹಿಡಿದು ನಿಲ್ಲಿಸಿ ಮಾತಾಡಿಸಿದ್ದು ನನ್ನನ್ನೇ.

ಅವತ್ತು ನೀವು ಕೇಳಿದ್ದು ಒಂದೇ ಮಾತು. "ಎರಡೂವರಿ ವರ್ಷದಿಂದ ಭಾನುವಾರ ಬಂತಂದ್ರ ಸಾಲಿ ಕೆಲಸ ಐತಿ ಅಂತ ಹೋಗ್ತಿದ್ರು. ಸಾಲಿಗೆ ನೋಡಿದ್ರ ಬೀಗ. ಎಲ್ಲಿಗೆ ಹೋಗ್ತಿದ್ರು, ನಿಮಗೇನಾದ್ರೂ ಗೊತ್ತೈತೇನ್ರಿ?" ನಾನು ಗೊತ್ತಿಲ್ಲ ಅಂದೆ. ನೀವು ಒಂದು ಗಳಿಗೆ ನನ್ನ ಮುಖ ನೋಡಿದಿರಿ. ಆಮೇಲೆ ಕೈ ಬಿಟ್ಟು ಒಳಗೆ ಹೋದಿರಿ.

ನಾನು ಹೇಳಿದ್ದು ಸುಳ್ಳು, ಅಕ್ಕಾ. ಅವರು ನಮ್ಮ ಶಾಲೆಗೆ ಬರುತ್ತಿದ್ದರು. ಬೆಳಿಗ್ಗೆ ಎಂಟೂವರೆಯ ಬಸ್ಸಿಗೆ ಕೊಟ್ಟೂರಿನಲ್ಲಿ ಹತ್ತಿ ಒಂಬತ್ತೂಕಾಲಿಗೆ ನಮ್ಮ ಶಾಲೆಯ ಕ್ರಾಸಿನಲ್ಲಿ ಇಳಿಯುತ್ತಿದ್ದರು. ಮಧ್ಯಾಹ್ನ ಎರಡರ ತನಕ ಶಾಲೆಯ ವಿಜ್ಞಾನದ ಕೋಣೆಯಲ್ಲಿ ಇರುತ್ತಿದ್ದರು. ಬೀಗದ ಕೈ ನನ್ನ ಹತ್ತಿರ ಇರುತ್ತಿತ್ತು.

ಇಷ್ಟು ಓದಿ ನಿಮಗೆ ಏನನ್ನಿಸಬಹುದೋ ನನಗೆ ಗೊತ್ತು. ನಾನೂ ಹೆಣ್ಣು, ನನಗೂ ಮನೆ ಇದೆ. ದಯವಿಟ್ಟು ಪತ್ರ ಮಡಿಚಿ ಇಡಬೇಡಿ, ಕೊನೆಯ ತನಕ ಓದಿ. ನಿಮಗೆ ಓದಲು ಬೇಸರವಾದರೆ ಮಗಳ ಕೈಯಲ್ಲಿ ಓದಿಸಿ. ಅವಳು ಕೇಳಬಾರದ ಮಾತು ಇದರಲ್ಲಿ ಒಂದೂ ಇಲ್ಲ.

ಮೊದಲಿನಿಂದ ಹೇಳುತ್ತೇನೆ.

ನಾನು ಓದಿದ್ದು ಜೀವಶಾಸ್ತ್ರ. ಗಿಡ, ಹೂವು, ಎಲುಬು, ರಕ್ತ ಅಂದರೆ ಪುಸ್ತಕ ಮುಚ್ಚಿಟ್ಟು ಪಾಠ ಮಾಡಬಲ್ಲೆ. ಆದರೆ ಪ್ರೌಢಶಾಲೆಯಲ್ಲಿ ವಿಜ್ಞಾನ ಅಂದರೆ ಎಲ್ಲವೂ ಸೇರಿ ಒಂದೇ ಪುಸ್ತಕ. ಬೆಳಕು, ವಿದ್ಯುತ್ತು, ಅಯಸ್ಕಾಂತ ಎಲ್ಲವನ್ನೂ ನಾನೇ ಕಲಿಸಬೇಕು. ಪಿಯುಸಿ ಆದಮೇಲೆ ಭೌತಶಾಸ್ತ್ರದ ಪುಸ್ತಕ ಮುಟ್ಟಿದವಳಲ್ಲ ನಾನು. ನೌಕರಿಗೆ ಸೇರಿದ ಮೊದಲ ವರ್ಷ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠ ಬಂದಾಗ ಗೈಡ್ ಹಿಡಿದು ನೋಟ್ಸ್ ಬರೆಸಿದೆ. ಎರಡನೆಯ ವರ್ಷವೂ ಬರೆಸಿದೆ. ಹನ್ನೊಂದು ವರ್ಷ ಬರೆಸಿದೆ. ಮಕ್ಕಳು ಬಾಯಿಪಾಠ ಮಾಡಿ ಪಾಸಾದರು. ಯಾರೂ ಏನೂ ಅನ್ನಲಿಲ್ಲ.

ನನ್ನ ಯಜಮಾನರು ಯರ್ರಿಸ್ವಾಮಿ ಕೂಡ್ಲಿಗಿಯಲ್ಲಿ ಬೋರ್‌ವೆಲ್ ಮೋಟಾರು ರಿವೈಂಡಿಂಗ್ ಅಂಗಡಿ ಇಟ್ಟಿದ್ದಾರೆ. ಏಳನೇ ತರಗತಿ ಓದಿದವರು. ಸುಟ್ಟ ಮೋಟಾರನ್ನು ಮೂಸಿ ನೋಡಿ ಯಾವ ಕಾಯಿಲ್ ಹೋಗಿದೆ ಅಂತ ಹೇಳಿಬಿಡುತ್ತಾರೆ. ಅವರನ್ನು ಕೇಳಿದ್ದರೆ ಒಂದು ಸಂಜೆಯಲ್ಲಿ ಅರ್ಧ ಪಾಠ ತಿಳಿಯುತ್ತಿತ್ತು. ಅಂಗಡಿಗೆ ಬಂದ ರೈತರ ಎದುರಿಗೆ ಅವರು "ನಮ್ಮ ಮನಿಯಾಕಿ ಸೈನ್ಸ್ ಟೀಚರ್ರು, ನನಗಿಂತ ಜಾಸ್ತಿ ತಿಳಿದಾಳ" ಅನ್ನುವಾಗ ನಾನು ತಲೆ ತಗ್ಗಿಸಿ ಚಹ ಕೊಟ್ಟು ಒಳಗೆ ಹೋಗುತ್ತಿದ್ದೆ. ಹೇಗೆ ಕೇಳಲಿ?

೨೦೨೨ರಲ್ಲಿ ನನ್ನ ತರಗತಿಯಲ್ಲಿ ಹುಲಿಗೆಮ್ಮ ಅಂತ ಒಬ್ಬ ಹುಡುಗಿ ಇದ್ದಳು. ಮೂರನೇ ಬೆಂಚು, ಎಡಗೈಯಲ್ಲಿ ಬರೆಯುವ ಹುಡುಗಿ. ನಾನು ನೋಟ್ಸ್ ಬರೆಸುತ್ತಿರುವಾಗ ಎದ್ದು ನಿಂತು ಕೇಳಿದಳು. "ಮೇಡಂ, ಎರಡು ಬಲ್ಬು ಒಂದರ ಹಿಂದ ಒಂದು ಜೋಡಿಸಿದ್ರ, ಮೊದಲನೇದು ಕರೆಂಟು ತಿಂದುಬಿಟ್ಟ ಮ್ಯಾಲ ಎರಡನೇದಕ್ಕ ಎಲ್ಲಿಂದ ಬರ್ತೈತ್ರಿ?" ನನಗೆ ಉತ್ತರ ಗೊತ್ತಿರಲಿಲ್ಲ. ಎರಡನೆಯ ಬಲ್ಬು ಮಂಕಾಗಿ ಉರಿಯಬೇಕು ಅಂತಲೇ ನನ್ನ ಮನಸ್ಸೂ ಹೇಳುತ್ತಿತ್ತು, ಆದರೆ ಗೈಡಿನಲ್ಲಿ ಹಾಗೆ ಇರಲಿಲ್ಲ. ಸಿಟ್ಟು ಬಂತು. "ಪರೀಕ್ಷೆಗೆ ಬರೋದನ್ನ ಮೊದಲು ಬಾಯಿಪಾಠ ಮಾಡು, ಬಂದುಬಿಟ್ಟಳು ದೊಡ್ಡ ವಿಜ್ಞಾನಿ" ಅಂದೆ. ತರಗತಿಗೆ ತರಗತಿಯೇ ನಕ್ಕಿತು. ಅವಳು ಕೂತಳು. ಆಮೇಲೆ ನನ್ನ ಪಾಠದಲ್ಲಿ ಅವಳು ಬಾಯಿ ತೆರೆಯಲೇ ಇಲ್ಲ.

ಅದೇ ತಿಂಗಳು ಹೊಸಪೇಟೆಯಲ್ಲಿ ವಿಜ್ಞಾನ ಶಿಕ್ಷಕರಿಗೆ ಐದು ದಿನದ ತರಬೇತಿ ಇತ್ತು. ಮೂರನೆಯ ದಿನ ಒಬ್ಬೊಬ್ಬರನ್ನೇ ಕರೆದು ಮೇಜಿನ ಮೇಲೆ ವಿದ್ಯುತ್ ಮಂಡಲ ಜೋಡಿಸಲು ಹೇಳಿದರು. ನನ್ನ ಸರದಿ ಬಂತು. ವೋಲ್ಟ್‌ಮೀಟರನ್ನು ಬಲ್ಬಿನ ಎರಡು ತುದಿಗೆ ಪಕ್ಕದಲ್ಲಿ ಜೋಡಿಸಬೇಕು, ಅದನ್ನು ನಾನು ಸಾಲಿನ ಒಳಗೇ ಸೇರಿಸಿದೆ. ಬಲ್ಬು ಹತ್ತಲಿಲ್ಲ. ನಲವತ್ತು ಮಂದಿ ನೋಡುತ್ತಿದ್ದರು. ತಲೆನೋವು ಅಂತ ಹೇಳಿ ಕೂತುಬಿಟ್ಟೆ. ಪಕ್ಕದಲ್ಲಿ ಕೂತಿದ್ದವರು ಎದ್ದು ಹೋಗಿ, ನಾನು ಜೋಡಿಸಿದ್ದನ್ನು ಬಿಚ್ಚಿ ಸರಿ ಮಾಡಿ, "ವೈರು ಸಡಿಲ ಇತ್ತು ನೋಡ್ರಿ" ಅಂತ ಎಲ್ಲರಿಗೂ ಕೇಳುವ ಹಾಗೆ ಅಂದರು. ಅವರು ನಿಮ್ಮ ಯಜಮಾನರು. ಅಲ್ಲಿಯ ತನಕ ನನಗೆ ಅವರ ಪರಿಚಯ ಇರಲಿಲ್ಲ.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಚಹದ ಲೋಟ ಕೈಗೆ ಕೊಟ್ಟು, "ಮೇಡಂ, ಈ ತಲೆನೋವು ಎಷ್ಟು ವರ್ಷದಿಂದ ಐತ್ರಿ?" ಅಂತ ಕೇಳಿದರು. ನಗಲಿಲ್ಲ, ಡಾಕ್ಟರು ಕೇಳಿದ ಹಾಗೆ ಕೇಳಿದರು. ನನಗೆ ಅಳು ಬಂತು. ಹನ್ನೊಂದು ವರ್ಷ ಅಂದೆ. ಅವರು ತಮ್ಮ ಚಹ ಕುಡಿದು ಮುಗಿಸಿ, "ನನಗ ಇಪ್ಪತ್ತೇಳು ವರ್ಷದಿಂದ ಹೊಟ್ಟಿನೋವು" ಅಂದರು.

ಅವರಿಗೆ ಗಣಿತ, ಭೌತಶಾಸ್ತ್ರ ನೀರು ಕುಡಿದ ಹಾಗೆ. ಹತ್ತನೇ ತರಗತಿಯ ಸಂತಾನೋತ್ಪತ್ತಿಯ ಪಾಠ ಮಾತ್ರ ಅವರು ಒಮ್ಮೆಯೂ ಮಾಡಿರಲಿಲ್ಲವಂತೆ. "ಮನಿಯಾಗ ಓದಿಕೊಳ್ರಿ" ಅಂತ ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದರಂತೆ. ಹುಡುಗಿಯರ ಎದುರಿಗೆ ಆ ಶಬ್ದಗಳು ಬಾಯಿಂದ ಬರುವುದಿಲ್ಲ, ಯಾವ ಹುಡುಗಿಯಾದರೂ ಏನಾದರೂ ಕೇಳಿದರೆ ತಮಗೇ ಸರಿಯಾಗಿ ತಿಳಿಯದು ಅಂದರು. "ನೀವು ನನಗ ಅದನ್ನ ಕಲಿಸ್ರಿ, ನಾನು ನಿಮಗ ಇದನ್ನ ಕಲಿಸ್ತೀನಿ. ಯಾರಿಗೂ ಹೇಳೋದು ಬ್ಯಾಡ" ಅಂದರು.

ಹೀಗೆ ಶುರುವಾಯಿತು ಭಾನುವಾರ.

ಮೊದಲ ದಿನವೇ ಅವರು ಕೇಳಿದ್ದು, ಶಾಲೆಯಲ್ಲಿ ಇನ್ನೊಬ್ಬರು ಯಾರಿರುತ್ತಾರೆ ಅಂತ. ಬಿಸಿಯೂಟದ ಅಡುಗೆಯ ಎರ್ರಮ್ಮನವರ ಮನೆ ಶಾಲೆಯ ಗೋಡೆಗೆ ಹೊಂದಿಕೊಂಡೇ ಇದೆ. "ಅವ್ವಾರನ್ನ ಕರೀರಿ. ಬಾಗಿಲು ತೆಗೆದಿರ್ಲಿ" ಅಂದರು. ಎರಡೂವರೆ ವರ್ಷ ಎರ್ರಮ್ಮ ಪ್ರತಿ ಭಾನುವಾರ ಆ ಬಾಗಿಲಲ್ಲಿ ಕೂತು ಅಕ್ಕಿ ಆರಿಸಿದ್ದಾರೆ, ಹುಣಸೆಹಣ್ಣು ಬಿಡಿಸಿದ್ದಾರೆ, ನಮ್ಮ ಪಾಠವನ್ನೂ ಕೇಳಿದ್ದಾರೆ. ಬೇಕಾದರೆ ಅವರನ್ನೇ ಕೇಳಿ.

ಸರ್ ಮೊದಲು ನನಗೆ ಏನನ್ನೂ ವಿವರಿಸಲಿಲ್ಲ. ಎರಡು ಟಾರ್ಚಿನ ಬಲ್ಬು, ಎರಡು ಶೆಲ್ಲು, ಒಂದಿಷ್ಟು ವೈರು ಮೇಜಿನ ಮೇಲೆ ಇಟ್ಟು, ಮಕ್ಕಳು ಏನು ಕೇಳಿದ್ದಾರೆ ಹೇಳಿ ಅಂದರು. ಹುಲಿಗೆಮ್ಮನ ಪ್ರಶ್ನೆ ಹೇಳಿದೆ. ನಾನು ಅವಳಿಗೆ ಅಂದ ಮಾತನ್ನು ಹೇಳಲಿಲ್ಲ. "ಜೋಡಿಸಿ ನೋಡ್ರಿ ಹಂಗಾದ್ರ" ಅಂದರು. ಜೋಡಿಸಿದೆ. ಎರಡೂ ಬಲ್ಬು ಒಂದೇ ಸಮ ಹತ್ತಿದವು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ನಾನು ಬಲ್ಬುಗಳನ್ನು ಅದಲುಬದಲು ಮಾಡಿ ನೋಡಿದೆ. ಬಾಗಿಲಲ್ಲಿ ಕೂತಿದ್ದ ಎರ್ರಮ್ಮ ಕೂಡ ಎದ್ದು ಬಂದು ನೋಡಿದರು. ಕರೆಂಟು ಬಲ್ಬಿನಲ್ಲಿ ಖರ್ಚಾಗುವುದಿಲ್ಲ, ಒಂದು ಕಡೆಯಿಂದ ಎಷ್ಟು ಬಂತೋ ಇನ್ನೊಂದು ಕಡೆ ಅಷ್ಟೇ ಹೋಗುತ್ತದೆ ಅನ್ನುವುದು ನನಗೆ ತಿಳಿದದ್ದು ಅವತ್ತು, ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ. ಆಮೇಲೆ ಅಮ್ಮೀಟರ್ ಇಟ್ಟು ಅಳೆದು ತೋರಿಸಿದರು.

ಆಗ ಹುಲಿಗೆಮ್ಮನಿಗೆ ಏನು ಅಂದೆ ಅನ್ನುವುದನ್ನೂ ಹೇಳಿಬಿಟ್ಟೆ. ಸರ್ ವೈರುಗಳನ್ನು ಬಿಚ್ಚಿ ಸುತ್ತಿಟ್ಟರು. ಆಮೇಲೆ, "ಪಾಠ ತಿದ್ದೋದು ಸುಲಭ. ಆ ಹುಡುಗಿಗೆ ನಿಮಗ ಅವತ್ತು ಗೊತ್ತಿರಲಿಲ್ಲ ಅಂತ ಹೇಳ್ರಿ. ತರಗತಿಯ ಎದುರಿಗೇ ಹೇಳ್ರಿ, ನಕ್ಕಿದ್ದು ಅವರೇ ಅಲ್ಲೇನು" ಅಂದರು.

ನನಗೆ ಮೂರು ವಾರ ಬೇಕಾಯಿತು. ಪ್ರತಿ ಭಾನುವಾರ ಬಂದು, ಹೇಳಿದಿರಾ ಅಂತ ಕೇಳುತ್ತಿದ್ದರು. ಇಲ್ಲ ಅಂದರೆ ಬೈಯುತ್ತಿರಲಿಲ್ಲ. ನಾಲ್ಕನೆಯ ವಾರ ತರಗತಿಗೆ ಬಲ್ಬು, ಶೆಲ್ಲು ಒಯ್ದು ಮೇಜಿನ ಮೇಲೆ ಇಟ್ಟು, "ಹುಲಿಗೆಮ್ಮ ಕೇಳಿದ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಸಿಟ್ಟಿಗೆದ್ದೆ, ತಪ್ಪು ನನ್ನದು" ಅಂದೆ. ಅವಳು ತಲೆ ಎತ್ತಲಿಲ್ಲ. ನನ್ನ ಮಾತು ವ್ಯರ್ಥವಾಯಿತು ಅಂದುಕೊಂಡೆ. ಗಂಟೆ ಹೊಡೆದು ಎಲ್ಲರೂ ಹೊರಗೆ ಹೋದಮೇಲೆ ಮೇಜಿನ ಹತ್ತಿರ ಬಂದು, ಬಲ್ಬುಗಳ ಕಡೆಗೇ ನೋಡುತ್ತಾ, "ಮೂರು ಹಾಕಿದ್ರ ಏನಾಗ್ತೈತ್ರಿ ಮೇಡಂ?" ಅಂತ ಕೇಳಿದಳು. ಅಕ್ಕಾ, ಅವತ್ತು ನನಗಾದ ಸಮಾಧಾನ ನೌಕರಿಯ ಆರ್ಡರ್ ಕೈಗೆ ಬಂದ ದಿನವೂ ಆಗಿರಲಿಲ್ಲ.

ಇನ್ನು ಸರ್ ಅವರ ಪಾಠದ ಸಂಗತಿ. ಅವರು ಬಹಳ ಕಷ್ಟಪಟ್ಟರು. 'ಗರ್ಭಾಶಯ' ಅನ್ನುವ ಶಬ್ದವನ್ನು ಕಿಟಕಿಯ ಕಡೆ ತಿರುಗಿ ಹೇಳುತ್ತಿದ್ದರು. ಎರ್ರಮ್ಮ ಒಂದು ದಿನ, "ಯಪ್ಪಾ, ನಾಕು ಹಡದಾಕಿ ನಾನು ಇಲ್ಲೇ ಕುಂತೀನಿ, ನೀನ್ಯಾಕ ಬೆವರ್ತಿ" ಅಂದಮೇಲೆ ನಕ್ಕು ಸ್ವಲ್ಪ ಸಡಿಲವಾದರು. ನವೆಂಬರಿನಲ್ಲಿ ಮೊದಲ ಸಲ ಆ ಪಾಠ ಮಾಡಿದರು. ಮುಂದಿನ ಭಾನುವಾರ ಬಂದವರ ಮುಖ ಸರಿ ಇರಲಿಲ್ಲ. ಪಾಠವಾದ ಮರುದಿನ ಒಬ್ಬ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ತನಗೆ ಕೆಟ್ಟ ರೋಗ ಬಂದಿದೆ ಅಂತ ಒಂದು ವರ್ಷದಿಂದ ಅಂದುಕೊಂಡಿದ್ದೆ, ಅದು ರೋಗ ಅಲ್ಲ ಅಂತ ನಿನ್ನೆ ತಿಳಿಯಿತು ಅಂತ ಹೇಳಿ ಓಡಿಹೋದಳಂತೆ. ತಾಯಿ ಇಲ್ಲದ ಹುಡುಗಿ. ಸರ್ ಅದನ್ನು ಹೇಳಿ, "ಇಪ್ಪತ್ತೇಳು ವರ್ಷ ಮೇಡಂ. ಇಂಥವರು ಎಷ್ಟು ಮಂದಿ ನನ್ನ ಮುಂದ ಸುಮ್ಮನ ಕುಂತು ಹೋದ್ರೋ" ಅಂದರು. ಆ ದಿನ ಪಾಠ ಮುಂದುವರಿಯಲಿಲ್ಲ.

ಆಮೇಲೆ ಇನ್ನಿಬ್ಬರು ಸೇರಿಕೊಂಡರು. ಹಡಗಲಿ ಕಡೆಯ ಕನಕರಾಜ ಸರ್, ಐವತ್ತೇಳು ವರ್ಷ. ಅವರ ಶಾಲೆಗೆ ಬಂದ ಸೂಕ್ಷ್ಮದರ್ಶಕದ ಪೆಟ್ಟಿಗೆಯನ್ನು ಒಡೆದುಹೋದೀತು ಅಂತ ಹೆದರಿ ಆರು ವರ್ಷ ಬಿಚ್ಚಿರಲಿಲ್ಲ. ಇನ್ನೊಬ್ಬ ಗಾದಿಲಿಂಗ, ಹರಪನಹಳ್ಳಿ ತಾಲ್ಲೂಕಿನ ಹುಡುಗ, ಎಂ.ಎಸ್ಸಿ.ಯಲ್ಲಿ ಮೊದಲ ದರ್ಜೆ. ವಿಷಯವೆಲ್ಲ ಗೊತ್ತು, ತರಗತಿ ಮಾತ್ರ ಅವನ ಕೈಗೆ ಸಿಗುತ್ತಿರಲಿಲ್ಲ. ಮಕ್ಕಳು ಶಿಳ್ಳೆ ಹೊಡೆದರೆ ಹೊರಗೆ ಬಂದು ಅಳುತ್ತಿದ್ದ. ರಾಜೀನಾಮೆ ಬರೆದು ಜೇಬಿನಲ್ಲಿ ಇಟ್ಟುಕೊಂಡೇ ಮೊದಲ ಸಲ ನಮ್ಮಲ್ಲಿಗೆ ಬಂದಿದ್ದ. ಸರ್ ಒಂದು ದಿನ ರಜೆ ಹಾಕಿ, ಹೆಡ್‌ಮಾಸ್ಟರ ಒಪ್ಪಿಗೆ ಪಡೆದು, ಅವನ ತರಗತಿಯ ಕೊನೆಯ ಬೆಂಚಿನಲ್ಲಿ ಕೂತರು. ನನ್ನ ತರಗತಿಗೂ ಹಾಗೆ ಬಂದಿದ್ದರು. ತಪ್ಪು ಹುಡುಕುತ್ತಿರಲಿಲ್ಲ. ಮಕ್ಕಳು ಆಡಿದ ಮಾತುಗಳನ್ನಷ್ಟೇ ಬರೆದುಕೊಳ್ಳುತ್ತಿದ್ದರು. ನನಗೆ ಹೇಳಿದ್ದು ಒಂದೇ ವಾಕ್ಯ. "ಪ್ರಶ್ನೆ ಕೇಳಿ ನೀವು ಒಂದೂವರೆ ಸೆಕೆಂಡು ಕಾಯ್ತೀರಿ, ಆಮೇಲೆ ನೀವೇ ಉತ್ತರ ಹೇಳ್ತೀರಿ. ಐದು ಸೆಕೆಂಡು ಕಾದು ನೋಡ್ರಿ, ಹಿಂದಿನ ಬೆಂಚೂ ಮಾತಾಡ್ತೈತಿ." ಕಾದೆ. ಮೊದಲ ದಿನ ಆ ಐದು ಸೆಕೆಂಡು ಮುಗಿಯುವುದೇ ಇಲ್ಲ ಅನ್ನಿಸಿತು. ಹಿಂದಿನ ಬೆಂಚು ಮಾತಾಡಿತು. ಗಾದಿಲಿಂಗನ ರಾಜೀನಾಮೆ ಏನಾಯಿತೋ ಗೊತ್ತಿಲ್ಲ. ಈಗ ಅವನ ತರಗತಿಯ ಸದ್ದು ಕಾಂಪೌಂಡಿನ ಹೊರಗೆ ಕೇಳುತ್ತದೆ, ಆದರೆ ಅದು ಮಕ್ಕಳು ವಾದ ಮಾಡುವ ಸದ್ದು.

ನೀವು ಕೇಳಬಹುದು, ಇದರಲ್ಲಿ ಮುಚ್ಚಿಡುವುದು ಏನಿತ್ತು ಅಂತ. ಒಳ್ಳೆಯ ಕೆಲಸವೇ ಅಲ್ಲವೇ ಅಂತ. ಮೇಲಿಂದ ನೋಡಿದವರಿಗೆ ಹಾಗೆಯೇ. ಆದರೆ ಫಲಿತಾಂಶ ಶೇಕಡ ಎರಡು ಇಳಿದರೆ ನೋಟಿಸು ಬರುವ ಕಾಲ ಇದು. ಹತ್ತನೇ ತರಗತಿಗೆ ಪಾಠ ಮಾಡುವ ಟೀಚರಿಗೆ ಹತ್ತನೇ ತರಗತಿಯ ಪಾಠ ಬರುವುದಿಲ್ಲ ಅಂತ ಊರಿಗೆ ತಿಳಿದರೆ? ತಂದೆತಾಯಂದಿರಿಗೆ ತಿಳಿದರೆ? ಅದಕ್ಕೇ ಮೊದಲ ದಿನವೇ ಒಬ್ಬರಿಗೊಬ್ಬರು ಮಾತು ಕೊಟ್ಟಿದ್ದೆವು. ಈ ಕೋಣೆಯಲ್ಲಿ 'ನನಗೆ ಬರುವುದಿಲ್ಲ' ಅಂದದ್ದು ಕೋಣೆಯ ಹೊರಗೆ ಹೋಗಬಾರದು, ಮನೆಯವರಿಗೂ ಹೇಳಬಾರದು ಅಂತ. ಮನೆಯವರಿಗೂ ಬೇಡ ಅನ್ನುವ ಮಾತನ್ನು ಕೇಳಿ ಪಡೆದವಳು ನಾನೇ. ನನ್ನ ಯಜಮಾನರಿಗೆ ಬಡ್ತಿಯ ಪರೀಕ್ಷೆಗೆ ಓದುತ್ತಿದ್ದೇನೆ ಅಂತ ಹೇಳಿದ್ದೆ.

ಅವರು ಮರೆತುಹೋದ ಕನ್ನಡಕ ಕೊಡಲು ನೀವು ಅವರ ಶಾಲೆಗೆ ಹೋಗಿ ಬೀಗ ನೋಡಿ ವಾಪಸು ಬಂದ ಸಂಗತಿ ನಮಗೆ ಸರ್ ಹೇಳಿದ್ದರು. ಹೋದ ವರ್ಷ ಶ್ರಾವಣದಲ್ಲಿ. "ಮನಿಯಾಗ ಮಾತು ನಿಂತೈತಿ" ಅಂದರು. ನಾನು ಬಂದು ಹೇಳುತ್ತೇನೆ ಅಂದೆ. ಬೇಡ ಅಂದರು. ನಿಮ್ಮ ತಮ್ಮ ಹಂಪೇಶ್ ಅವರು ಶಿಕ್ಷಣ ಇಲಾಖೆಯ ಕಚೇರಿಯಲ್ಲಿ ಇದ್ದಾರಲ್ಲ, ಅದನ್ನು ನೆನೆದು ಹೇಳಿದರು. "ಆಕಿ ಯಾರ ಮುಂದೂ ಬಾಯಿ ಬಿಡೋಳಲ್ಲ. ಆದ್ರ ಹಂಪೇಶ ಕೇಳಿದ್ರ ಒಡಹುಟ್ಟಿದವನಿಗೆ ಸುಳ್ಳು ಹೇಳಬೇಕಾಗ್ತೈತಿ. ಆಕಿಗ್ಯಾಕ ಆ ಸಂಕಟ ಹಚ್ಚಲಿ. ನಾನೇ ಅನಿಸಿಕೊಳ್ತೀನಿ." ನಿಮ್ಮ ತಮ್ಮನವರನ್ನು ನಾನು ದೂರುತ್ತಿಲ್ಲ. ಅವರು ಯಾರಿಗೂ ಕೆಟ್ಟದ್ದು ಮಾಡಿದವರಲ್ಲ. ನಾವು ಹೆದರಿದ್ದೆವು, ಅಷ್ಟೇ.

ಅವರು ಅನಿಸಿಕೊಂಡರು. ನೀವು ಅನುಭವಿಸಿದಿರಿ. ನಾನು ಭಾನುವಾರ ಭಾನುವಾರ ಪಾಠ ಕಲಿತು ಮನೆಗೆ ಹೋದೆ.

ಒಂದು ಸಣ್ಣ ಸಂಗತಿ. ಒಬ್ಬ ಮನುಷ್ಯನಿಗೆ ಬುತ್ತಿಗೆ ಎಂಟು ರೊಟ್ಟಿ ಯಾಕೆ ಅಂತ ನೀವು ಕೇಳಿದ್ದಿರಂತೆ. ಅವು ನಮಗೆ. ನಾವು ನಾಲ್ವರೂ ಎರ್ರಮ್ಮನೂ ಹಂಚಿಕೊಂಡು ತಿನ್ನುತ್ತಿದ್ದೆವು. ಅಗಸಿ ಚಟ್ನಿ ಮುಚ್ಚಳ ತೆಗೆದರೆ ಕನಕರಾಜ ಸರ್ ಪಾಠ ಅಲ್ಲಿಗೇ ನಿಲ್ಲಿಸುತ್ತಿದ್ದರು. ನಿಮ್ಮ ಮನೆಯಲ್ಲಿ ಮಾತು ನಿಂತ ಆ ದಿನಗಳಲ್ಲೂ ರೊಟ್ಟಿ ಎಂಟೇ ಇರುತ್ತಿದ್ದವು. ಸರ್ ಅದನ್ನು ನಮಗೆ ಎಣಿಸಿ ತೋರಿಸಿ, "ಸಿಟ್ಟು ಐತಿ, ಆದ್ರ ಒಂದೂ ಕಡಿಮಿ ಮಾಡಿಲ್ಲ ನೋಡ್ರಿ" ಅಂದರು. ಅವರ ದನಿ ಆಗ ಹೇಗಿತ್ತು ಅಂತ ನಿಮಗೆ ಬರೆದು ತಿಳಿಸಲು ನನಗೆ ಬರುವುದಿಲ್ಲ.

ಮಾರ್ಚ್ ನಾಲ್ಕರ ಮಂಗಳವಾರ ಬೆಳಿಗ್ಗೆ ಗಾದಿಲಿಂಗ ಫೋನು ಮಾಡಿದ. ಶಾಲೆಗೆ ಹೊರಟವರು ಚಪ್ಪಲಿ ಹಾಕಿಕೊಳ್ಳುವಾಗ ಹೊಸ್ತಿಲಲ್ಲೇ ಕುಸಿದರು ಅಂದ. ನಾವು ಮೂವರೂ ಬಂದು ಜನರ ಹಿಂದೆ ನಿಂತಿದ್ದೆವು. ನಿಮ್ಮ ಹತ್ತಿರ ಬರುವ ಧೈರ್ಯ ಆಗಲಿಲ್ಲ. ಹನ್ನೊಂದನೆಯ ದಿನ ನೀವೇ ಕೇಳಿದಾಗ, ಹಂಪೇಶ್ ಅವರು ನಾಲ್ಕು ಹೆಜ್ಜೆ ದೂರದಲ್ಲಿ ಕೊಡ ತುಂಬುತ್ತಿದ್ದರು. ಅವರಿದ್ದರು ಅಂತ ಸುಳ್ಳು ಹೇಳಿದೆ ಎಂದು ಮೂರು ತಿಂಗಳು ನನಗೆ ನಾನೇ ಹೇಳಿಕೊಂಡೆ. ನಿಜ ಹಾಗಿಲ್ಲ. ನೀವೊಬ್ಬರೇ ಇದ್ದಿದ್ದರೂ ನಾನು ಹಾಗೇ ಹೇಳುತ್ತಿದ್ದೆ. ಗಂಡನನ್ನು ಮಣ್ಣು ಮಾಡಿ ಬಂದ ಹೆಂಗಸಿನ ಎದುರಿಗೂ ನನಗೆ ನನ್ನ ಮರ್ಯಾದೆಯೇ ದೊಡ್ಡದಾಗಿತ್ತು.

ಕಳೆದ ವಾರ ಹೊಸಪೇಟೆಯಲ್ಲಿ ಮತ್ತೆ ತರಬೇತಿ ಆಯಿತು. ಕೊನೆಯ ದಿನ ಅನಿಸಿಕೆ ಹೇಳಲು ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಎಲ್ಲರೂ ಹೇಳುವ ಹಾಗೆ ಊಟ, ವಸತಿ, ತರಬೇತಿ ಚೆನ್ನಾಗಿತ್ತು ಅಂತ ಹೇಳಿ ಕೂರಬಹುದಿತ್ತು. ನಾನು ಹನ್ನೊಂದು ವರ್ಷ ವಿದ್ಯುಚ್ಛಕ್ತಿ ಪಾಠ ತಿಳಿಯದೆ ಬರೆಸಿದ್ದನ್ನು ಹೇಳಿದೆ. ಹುಲಿಗೆಮ್ಮನ ಹೆಸರು ಹೇಳಿದೆ. ಕೊಟ್ಟೂರಿನ ನಾಗೇಂದ್ರಪ್ಪ ಸರ್ ಅವರು ರಜೆಯ ದಿನ ಬಸ್ಸಿನಲ್ಲಿ ಬಂದು ಕಲಿಸಿದ್ದನ್ನು ಹೇಳಿದೆ. ಅವರ ಹೊಟ್ಟೆನೋವಿನ ಸಂಗತಿ ಮಾತ್ರ ಹೇಳಲಿಲ್ಲ. ಅದು ಅವರದು, ಈಗ ನಿಮ್ಮದು. ಮಾತು ಮುಗಿದಾಗ ಹಿಂದಿನ ಸಾಲಿನಿಂದ ನರೆತ ಕೂದಲಿನ ಒಬ್ಬರು ಎದ್ದು, "ನನಗ ಕನ್ನಡಿ, ಮಸೂರದ ಚಿತ್ರ ಇವತ್ತಿಗೂ ಬರಂಗಿಲ್ರಿ" ಅಂದರು. ಆಮೇಲೆ ಇನ್ನೊಬ್ಬರು ಎದ್ದರು. ಇವತ್ತು ಬೆಳಿಗ್ಗೆ ನಮ್ಮ ಶಾಲೆಗೆ ಒಂಬತ್ತು ಮಂದಿ ಬಂದಿದ್ದರು. ಹಗರಿಬೊಮ್ಮನಹಳ್ಳಿಯಿಂದ ಇಬ್ಬರು ಹೆಣ್ಣುಮಕ್ಕಳು ಬೈಕಿನಲ್ಲಿ ಬಂದರು. ಬಾಗಿಲು ತೆರೆದೇ ಇತ್ತು. ಎಲ್ಲಿಗೆ ಹೋಗುತ್ತೇವೆ ಅಂತ ಎಲ್ಲರೂ ಮನೆಯಲ್ಲಿ ಹೇಳಿ ಬಂದಿದ್ದರು.

ನಾನೂ ಹೇಳಿದೆ. ಯರ್ರಿಸ್ವಾಮಿ, "ಹನ್ನೊಂದು ವರ್ಷ ಒಂದೇ ಮನಿಯಾಗ ಇದ್ದು ನನ್ನನ್ನ ಕೇಳಲಿಲ್ಲಲ್ಲ" ಅಂದರು. ಅವರಿಗೆ ನೋವಾಗಿದೆ. ಇನ್ನೂ ಸರಿಹೋಗಿಲ್ಲ.

ಈ ಪತ್ರ ಬರೆಯಲು ಗಾದಿಲಿಂಗನನ್ನೂ ಕನಕರಾಜ ಸರ್ ಅವರನ್ನೂ ಕೇಳಿದ್ದೇನೆ. ತಮ್ಮ ಹೆಸರು ಬರೆಯಲು ಇಬ್ಬರೂ ಒಪ್ಪಿದ್ದಾರೆ. ನೀವು ಈ ಪತ್ರವನ್ನು ಹಂಪೇಶ್ ಅವರಿಗೆ ತೋರಿಸಿದರೂ ನಮಗೆ ಅಡ್ಡಿ ಇಲ್ಲ. ಬೀದಿಯಲ್ಲಿ ಯಾರಾದರೂ ನಾಲ್ಕು ಮಾತು ಆಡಿದ್ದರೆ ಅವರ ಮುಂದೆ ಓದಿದರೂ ಅಡ್ಡಿ ಇಲ್ಲ. ನಿಮ್ಮ ಯಜಮಾನರು ನಿಮಗೆ ಯಾವ ದ್ರೋಹವನ್ನೂ ಮಾಡಿಲ್ಲ. ಅವರು ಮುಚ್ಚಿಟ್ಟಿದ್ದು ನಮ್ಮ ಅವಮಾನವನ್ನು.

ನನ್ನನ್ನು ಕ್ಷಮಿಸಿ ಅಂತ ಕೇಳುವ ಯೋಗ್ಯತೆ ಇಲ್ಲ. ಕೇಳದೆ ಇರಲೂ ಆಗುವುದಿಲ್ಲ.

ನಿಮ್ಮ ರೊಟ್ಟಿಯ ಋಣದಲ್ಲಿರುವ,
ದುರ್ಗಾದೇವಿ

ಮರೆತು ಬಿಟ್ಟದ್ದಲ್ಲ, ಬರೆಯದೆ ಬಿಟ್ಟದ್ದು:

ಇವತ್ತು ಮಂಗಳವಾರ, ಹದಿನೇಳನೆಯ ತಾರೀಕು. ಎರಡು ದಿನ ಈ ಪತ್ರ ನನ್ನ ಬ್ಯಾಗಿನಲ್ಲೇ ಇತ್ತು. ಅಂಚೆಪೆಟ್ಟಿಗೆಯ ತನಕ ಹೋಗಿ ವಾಪಸು ತಂದೆ. ಮೇಲೆ ಬರೆದದ್ದೆಲ್ಲ ನಿಜ, ಆದರೆ ಪೂರ್ತಿ ಅಲ್ಲ.

ಫೆಬ್ರವರಿ ಒಂಬತ್ತರ ಭಾನುವಾರ ನಾವು ನಾಲ್ವರೂ ಉಚ್ಚಂಗಿದುರ್ಗಕ್ಕೆ ಹೋಗಿದ್ದೆವು. ಬಂಡೆಯ ಮೇಲೆ ಬೆಳೆಯುವ ಕಲ್ಲುಹೂವನ್ನು ಮಕ್ಕಳಿಗೆ ತೋರಿಸಬೇಕು, ಮೊದಲು ನಾವು ಜಾಗ ನೋಡಿಬರೋಣ ಅಂತ. ಕನಕರಾಜ ಸರ್ ಕೆಳಗೇ ಉಳಿದರು, ಗಾದಿಲಿಂಗ ಮುಂದೆ ಹತ್ತಿಹೋದ. ಅರ್ಧ ಮೆಟ್ಟಿಲು ಹತ್ತಿದಾಗ ಸರ್ ಕೂತುಬಿಟ್ಟರು. ತಣ್ಣನೆಯ ಗಾಳಿ ಇತ್ತು, ಅವರ ಅಂಗಿ ಬೆವರಿನಿಂದ ತೊಯ್ದಿತ್ತು. ಎಡಗೈಯನ್ನು ಭುಜದಿಂದ ಕೆಳಗೆ ನೀವಿಕೊಳ್ಳುತ್ತಿದ್ದರು. ದವಡೆ ಹಿಡಿದಂಗಾಗ್ತೈತಿ, ಗ್ಯಾಸು ಇರಬೇಕು ಅಂದರು. ಅದು ಗ್ಯಾಸು ಅಲ್ಲ, ನಾಳೆಯೇ ದಾವಣಗೆರೆಗೆ ಹೋಗಿ ಹೃದಯ ತೋರಿಸಿ ಅಂದೆ. ಮಕ್ಕಳ ಪರೀಕ್ಷೆ ಮುಗಿಯಲಿ ಅಂದರು. ಮನೆಯಲ್ಲಾದರೂ ಹೇಳಿ ಅಂದೆ. "ಬ್ಯಾಡ್ರಿ. ಈಗೀಗ ಮಾತು ಶುರು ಮಾಡ್ಯಾಳ. ಹೆದರಿಬಿಡ್ತಾಳ. ನಿಮ್ಮ ಮಾತು ನಾನು ಉಳಿಸೀನಿ, ನನ್ನ ಮಾತು ನೀವು ಉಳಿಸ್ರಿ" ಅಂದರು.

ನಾನು ಹೂಂ ಅಂದೆ. ನಿಮಗೆ ಹೇಳಿದರೆ, ನಾನು ಅವರ ಜೊತೆ ಆ ಮೆಟ್ಟಿಲ ಮೇಲೆ ಯಾಕಿದ್ದೆ ಅಂತಲೂ ಹೇಳಬೇಕಾಗುತ್ತಿತ್ತು.

ಆಮೇಲೆ ಮೂರು ಭಾನುವಾರ ಬಂದರು. ಮೂರು ಸಲವೂ ಕೇಳಿದೆ, ಮೂರು ಸಲವೂ ನಕ್ಕರು. ಜನವರಿಯಲ್ಲಿ ಒಮ್ಮೆ ಅವರ ಫೋನು ಕೆಟ್ಟಾಗ ನನ್ನ ಫೋನಿನಿಂದ ನಿಮಗೆ ಮಾತಾಡಿದ್ದರು. ಬಸ್ಸು ತಡ, ಊಟಕ್ಕೆ ಕಾಯಬೇಡ ಅಂತ. ಆಗ ನಿಮ್ಮ ನಂಬರನ್ನು 'ಪಂಪಮ್ಮಕ್ಕ ಕೊಟ್ಟೂರು' ಅಂತ ಬರೆದಿಟ್ಟುಕೊಂಡಿದ್ದೆ. ಆ ಮೆಟ್ಟಿಲಿನಿಂದ ನಿಮ್ಮ ಹೊಸ್ತಿಲಿಗೆ ಇಪ್ಪತ್ತಮೂರು ದಿನ. ಅಷ್ಟೂ ದಿನ ನಿಮ್ಮ ನಂಬರು ನನ್ನ ಹತ್ತಿರ ಇತ್ತು, ಅಕ್ಕಾ.